ಬಿದ್ದ ಗೋಪುರ, ಮತ್ತೆ ಕಟ್ಟಿದ ಸೇತುವೆ: ಪಾವಿಯಾದಲ್ಲಿ ನಡೆದಾಡಿದ್ದು

ಉತ್ತರ ಇಟಲಿಯ ಪಾವಿಯಾದ ಮುಚ್ಚು ಸೇತುವೆಯನ್ನು ನೋಡಿದವರು ಯಾರೂ ಅದನ್ನು ಹೊಸದೆನ್ನಲಾರರು. ತಿಚಿನೊ ನದಿಯ ಮೇಲೆ ಇಟ್ಟಿಗೆಯ ಕಮಾನುಗಳು, ಉದ್ದಕ್ಕೂ ಕಂಬಗಳ ಮೇಲೆ ನಿಂತ ಹೆಂಚಿನ ಮಾಡು, ನಡುವೆ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಕೈಯಲ್ಲಿ ಕ್ಯಾಮೆರಾ ಹಿಡಿದ ಪ್ರವಾಸಿಗರು ಮಧ್ಯಯುಗ ಕಣ್ಣೆದುರಿಗೆ ಬಂದಿತೆಂದು ಪುಲಕಗೊಳ್ಳುತ್ತಾರೆ. ಆದರೆ ಈ ಸೇತುವೆ ಉದ್ಘಾಟನೆಯಾದದ್ದು 1951ರಲ್ಲಿ. ನಮ್ಮ ಕಡೆಯ ಎಷ್ಟೋ ಸರ್ಕಾರಿ ಶಾಲೆಗಳ ಕಟ್ಟಡಗಳು ಇದಕ್ಕಿಂತ ಹಳೆಯವು.

ನಿಜವಾದ ಹಳೆಯ ಸೇತುವೆ ಇದ್ದದ್ದು ಇದರ ಪಕ್ಕದಲ್ಲೇ, ನದಿ ಹರಿದುಬರುವ ಕಡೆಗೆ ಸುಮಾರು ಮೂವತ್ತು ಮೀಟರ್ ದೂರದಲ್ಲಿ. ರೋಮನ್ನರ ಕಾಲದ ಸೇತುವೆಯ ಜಾಗದಲ್ಲಿ 1351ರಿಂದ 1354ರ ನಡುವೆ ಅದನ್ನು ಕಟ್ಟಿದ್ದರು. 1944ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಸುರಿಸಿದ ಬಾಂಬುಗಳಿಂದ ಅದು ಜಖಂಗೊಂಡಿತು. ಯುದ್ಧ ಮುಗಿದ ಮೇಲೆ, ಇದ್ದುದನ್ನೇ ದುರಸ್ತಿ ಮಾಡಬೇಕೋ, ಕೆಡವಿ ಹೊಸದು ಕಟ್ಟಬೇಕೋ ಎಂಬ ಚರ್ಚೆ ಊರಿನಲ್ಲಿ ಎಡೆಬಿಡದೆ ನಡೆಯಿತು. ಚರ್ಚೆ ಮುಗಿಯುವ ತನಕ ಸೇತುವೆ ಕಾಯಲಿಲ್ಲ. 1947ರಲ್ಲಿ ಅದರ ಒಂದು ಭಾಗ ತಾನಾಗಿಯೇ ಕುಸಿಯಿತು. ಉಳಿದದ್ದೂ ಬಿದ್ದು ನದಿಗೆ ಅಡ್ಡವಾದರೆ ಊರಿಗೆ ನೀರು ನುಗ್ಗೀತೆಂಬ ಭಯಕ್ಕೆ, ಮರುವರ್ಷ ಡೈನಮೈಟ್ ಇಟ್ಟು ಸಿಡಿಸಿದರು. 1949ರಲ್ಲಿ ಹೊಸದರ ಕೆಲಸ ಶುರುವಾಯಿತು. ಹಳೆಯದಕ್ಕೆ ಏಳು ಕಮಾನುಗಳಿದ್ದವು, ಹೊಸದಕ್ಕೆ ಐದು. ಕಮಾನುಗಳು ಮೊದಲಿಗಿಂತ ಅಗಲ, ಎತ್ತರ. ಊರಿನ ಕಡೆಯ ದ್ವಾರದ ಮೇಲೆ ಒಂದು ಶಾಸನ ಬರೆಸಿದ್ದಾರೆ: ಯುದ್ಧದ ಉನ್ಮಾದಕ್ಕೆ ಸಿಕ್ಕಿ ನಾಶವಾದ ಪುರಾತನ ಸೇತುವೆಯ ಹೋಲಿಕೆಯಲ್ಲಿ ಇಟಲಿ ಗಣರಾಜ್ಯ ಇದನ್ನು ಮತ್ತೆ ಕಟ್ಟಿಸಿತು ಎಂಬ ಅರ್ಥದ್ದು. ಹೋಲಿಕೆಯಲ್ಲಿ ಎಂದು ಅವರೇ ಬರೆದುಕೊಂಡದ್ದು ನನಗೆ ಹಿಡಿಸಿತು. ಇದೇ ಅದು ಎಂದು ಎಲ್ಲೂ ಹೇಳಿಕೊಂಡಿಲ್ಲ.

ನೀರು ಇಳಿದಾಗ ಹಳೆಯ ಸೇತುವೆಯ ಬುಡಗಳು ನದಿಯೊಳಗಿಂದ ತಲೆ ಎತ್ತುತ್ತವೆ. ನಾನು ಹೋದ ಕಾಲದಲ್ಲಿ ಅವು ಚೆನ್ನಾಗಿ ಕಾಣುತ್ತಿದ್ದವು. ಕಲ್ಲು, ಇಟ್ಟಿಗೆ, ಗಾರೆ ಕಲಸಿಹೋದ ಮೊಂಡು ದಿಬ್ಬಗಳು, ಅವುಗಳ ಮೇಲೆ ಹಕ್ಕಿಗಳು. ಹೊಸ ಸೇತುವೆಯ ಮೇಲೆ ನಿಂತು ಹಳೆಯದರ ಕಾಲುಗಳನ್ನು ನೋಡುವ ಸೌಕರ್ಯ ಎಲ್ಲ ಊರಿನಲ್ಲೂ ಸಿಗುವುದಿಲ್ಲ.

ಪಾವಿಯಾಕ್ಕೆ ನಾನು ಹೋಗಲು ಕಾರಣ ನನ್ನ ತಂಗಿಯ ಮಗಳು. ಅವಳು ಅಲ್ಲಿ ಭೂಕಂಪ ತಾಳುವ ಕಟ್ಟಡಗಳ ವಿಷಯದಲ್ಲಿ ಸ್ನಾತಕೋತ್ತರ ಓದುತ್ತಾಳೆ. ಈ ವಿದ್ಯೆಗೆ ಪಾವಿಯಾ ಹೆಸರಾದ ಊರು. ಮಿಲಾನ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬಹುಪಾಲು ಪ್ರವಾಸಿಗರು ಮಿಲಾನ್ ನೋಡಿಕೊಂಡು ನೇರ ವೆನಿಸ್ಸಿಗೋ ಫ್ಲಾರೆನ್ಸಿಗೋ ಹೊರಟುಬಿಡುವುದರಿಂದ, ಇಲ್ಲಿ ಪ್ರವಾಸಿಗರಿಗಿಂತ ವಿದ್ಯಾರ್ಥಿಗಳು ಹೆಚ್ಚು. ಅವಳ ಜೊತೆ ಊರು ಸುತ್ತುವುದೆಂದರೆ ಒಂದು ವಿಚಿತ್ರ ಅನುಭವ. ನಾನು ಶಿಲ್ಪ ನೋಡುತ್ತಿದ್ದರೆ ಅವಳು ಗೋಡೆಯ ಬಿರುಕು ನೋಡುತ್ತಿರುತ್ತಾಳೆ.

"ದೊಡ್ಡಮ್ಮ, ಇಲ್ಲಿ ನೋಡಿ" ಎಂದು ಅವಳು ಮೊದಲು ಕರೆದುಕೊಂಡು ಹೋದದ್ದು ಪ್ರಧಾನ ಚರ್ಚಿನ ಪಕ್ಕಕ್ಕೆ. ಅಲ್ಲಿ ನೋಡಲು ಇರುವುದು ಇಟ್ಟಿಗೆಯ ಒಂದು ಮೋಟು. ನಗರ ಗೋಪುರ ಎಂದು ಕರೆಯುತ್ತಿದ್ದ ಎಪ್ಪತ್ತೆಂಟು ಮೀಟರ್ ಎತ್ತರದ ಗಂಟೆಗೋಪುರದಲ್ಲಿ ಉಳಿದಿರುವುದು ಅಷ್ಟೇ. 1989ರ ಮಾರ್ಚ್ 17ರ ಬೆಳಿಗ್ಗೆ, ಒಂಬತ್ತಕ್ಕೆ ಇನ್ನೇನು ಕೆಲವು ನಿಮಿಷಗಳಿರುವಾಗ, ಆ ಗೋಪುರ ನಿಂತಲ್ಲೇ ಕುಸಿದು ಬಿತ್ತು. ಭೂಕಂಪವಿಲ್ಲ, ಬಿರುಗಾಳಿಯಿಲ್ಲ, ಬಾಂಬ್ ಇಲ್ಲ. ನಾಲ್ವರು ಸತ್ತರು. ಒಂಬೈನೂರು ವರ್ಷ ನಿಂತದ್ದು ಕೆಲವೇ ಕ್ಷಣಗಳಲ್ಲಿ ಇಟ್ಟಿಗೆಯ ರಾಶಿಯಾಯಿತು.

ಯಾಕೆ ಬಿತ್ತು? ಇದು ನನ್ನ ತಂಗಿಯ ಮಗಳ ಅಚ್ಚುಮೆಚ್ಚಿನ ವಿಷಯ. ಗೋಡೆಯ ದಪ್ಪ ಎರಡೂಮುಕ್ಕಾಲು ಮೀಟರಿಗೂ ಹೆಚ್ಚು. ಆದರೆ ಅದು ಪೂರಾ ಇಟ್ಟಿಗೆಯ ಗೋಡೆಯಲ್ಲ. ಒಳಗೂ ಹೊರಗೂ ಇಟ್ಟಿಗೆಯ ತೆಳುವಾದ ಹೊದಿಕೆ, ನಡುವೆ ಕಲ್ಲುಚೂರು ಮತ್ತು ಗಾರೆಯನ್ನು ಸುರಿದು ತುಂಬಿದ ತಿರುಳು. ಇದರ ಮೇಲೆ ಹದಿನಾರನೇ ಶತಮಾನದಲ್ಲಿ, ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ಪೆಲ್ಲೆಗ್ರಿನೊ ತಿಬಾಲ್ದಿಯ ಯೋಜನೆಯಂತೆ, ಭಾರಿ ತೂಕದ ಗಂಟೆಮನೆಯನ್ನು ಏರಿಸಿದರು. ಆ ಭಾರವನ್ನು ಗೋಪುರ ಹೊತ್ತುಕೊಂಡೇ ಇತ್ತು. ಆದರೆ ಹೊತ್ತ ಭಾರ ಬದಲಾಗದಿದ್ದರೂ, ಶತಮಾನಗಟ್ಟಲೆ ಒಂದೇ ಸಮನೆ ಒತ್ತುತ್ತಿದ್ದರೆ ಗಾರೆಯೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿ, ಬೆಳೆದು, ಒಂದಕ್ಕೊಂದು ಕೂಡಿಕೊಳ್ಳುತ್ತವಂತೆ. ಕಡೆಗೆ ಒಂದು ದಿನ, ಹೊರಗಿನ ಯಾವ ನೆಪವೂ ಇಲ್ಲದೆ, ಇಡೀ ಕಟ್ಟಡ ಕೈಬಿಡುತ್ತದೆ. ಇದನ್ನು ಜಗತ್ತಿನ ಇಂಜಿನಿಯರುಗಳು ಗಂಭೀರವಾಗಿ ಓದತೊಡಗಿದ್ದು ಪಾವಿಯಾದ ಅವಶೇಷಗಳನ್ನು ಪ್ರಯೋಗಾಲಯಕ್ಕೆ ತಂದ ಮೇಲೆ. ಮರುವರ್ಷದ ಜನವರಿಯಲ್ಲಿ ಪೀಸಾದ ವಾಲುಗೋಪುರವನ್ನು ಪ್ರವಾಸಿಗರಿಗೆ ಮುಚ್ಚಿದ್ದರ ಹಿಂದೆಯೂ ಈ ಭಯವಿತ್ತು.

"ಇನ್ನೊಂದು ಕಟ್ಟಬಹುದಿತ್ತಲ್ಲ?" ಎಂದೆ. ಸೇತುವೆಯನ್ನು ಕಟ್ಟಿದ ಊರು ಗೋಪುರವನ್ನು ಯಾಕೆ ಬಿಟ್ಟಿತು?

"ಸೇತುವೆ ಇಲ್ಲದಿದ್ದರೆ ಆಚೆ ದಡಕ್ಕೆ ಹೋಗುವುದು ಹೇಗೆ ದೊಡ್ಡಮ್ಮ? ಗೋಪುರ ಇಲ್ಲದಿದ್ದರೆ ಏನು ನಿಲ್ಲುತ್ತದೆ?"

ಇಂಜಿನಿಯರುಗಳ ಉತ್ತರ ಹೀಗೇ ಇರುತ್ತದೆ. ಆದರೆ ಅದೇ ಚೌಕದಲ್ಲಿ, ಚರ್ಚಿನ ಮುಂದೆ, ಅವಳ ಮಾತಿಗೆ ಸೆಡ್ಡು ಹೊಡೆದು ನಿಂತ ಒಂದು ಕಂಚಿನ ಕುದುರೆಯಿದೆ. ಅದರ ಮೇಲೆ ಕೈಯೆತ್ತಿದ ಸವಾರ. ರೆಜಿಸೋಲೆ ಎಂದು ಹೆಸರು. ರೋಮನ್ ಸಾಮ್ರಾಜ್ಯದ ಕೊನೆಗಾಲದ್ದೆನ್ನಲಾದ ಮೂಲ ಪ್ರತಿಮೆ ಶತಮಾನಗಳ ಕಾಲ ಈ ಊರಿನ ಹೆಮ್ಮೆಯಾಗಿತ್ತು. 1490ರಲ್ಲಿ ಚರ್ಚಿನ ನಿರ್ಮಾಣದ ಬಗ್ಗೆ ಸಲಹೆ ನೀಡಲು ಇಲ್ಲಿಗೆ ಬಂದಿದ್ದ ಲಿಯೊನಾರ್ಡೊ ಡ ವಿಂಚಿ ಅದನ್ನು ನೋಡಿ, ಅದರ ಚಲನೆಯನ್ನು ಮೆಚ್ಚಿ ಟಿಪ್ಪಣಿ ಬರೆದುಕೊಂಡಿದ್ದಾನೆ. 1796ರಲ್ಲಿ, ನೆಪೋಲಿಯನ್ನನ ಸೈನ್ಯ ಬಂದ ವರ್ಷ, ಊರಿನ ಕ್ರಾಂತಿಕಾರಿಗಳು ಇದು ರಾಜಪ್ರಭುತ್ವದ ಸಂಕೇತವೆಂದು ಒಡೆದುಹಾಕಿದರು. ಈಗ ಇರುವುದು ಫ್ರಾಂಚೆಸ್ಕೊ ಮೆಸ್ಸೀನಾ ಎಂಬ ಶಿಲ್ಪಿ 1937ರಲ್ಲಿ ಮಾಡಿದ್ದು. ಇದು ಯಾರನ್ನೂ ಆಚೆ ದಡಕ್ಕೆ ದಾಟಿಸುವುದಿಲ್ಲ, ಆದರೂ ಊರು ಅದನ್ನು ಮತ್ತೆ ಮಾಡಿಸಿತು. ನನಗಂತೂ ಅದು ಅಷ್ಟು ಹಿಡಿಸಲಿಲ್ಲ. ಮುಸ್ಸೊಲಿನಿಯ ಕಾಲದ ಸಾರ್ವಜನಿಕ ಪ್ರತಿಮೆಗಳ ಠೀವಿ ಅದರಲ್ಲೂ ಇದೆ ಎನ್ನಿಸಿತು. ಲಿಯೊನಾರ್ಡೊ ಕಂಡ ಕುದುರೆ ಹೇಗೆ ಹೆಜ್ಜೆ ಹಾಕುತ್ತಿತ್ತೋ, ಇದು ಮಾತ್ರ ಕವಾಯತಿಗೆ ಹೊರಟ ಹಾಗಿದೆ.

ಚರ್ಚಿನದೇ ಮತ್ತೊಂದು ಕಥೆ. ವಾಸ್ತುಶಿಲ್ಪಿ ಬ್ರಮಾಂತೆಯ ಕೈಕೆಲಸವೂ ಇರುವ ಅದರ ಕೆಲಸ 1488ರಲ್ಲಿ ಶುರುವಾಯಿತು, ದೊಡ್ಡ ಗುಮ್ಮಟ ಎದ್ದದ್ದು 1880ರ ದಶಕದಲ್ಲಿ. ಮುಂಗೋಡೆಗೆ ಹೊದಿಸಬೇಕಿದ್ದ ಅಮೃತಶಿಲೆ ಇನ್ನೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ.

ಪಾವಿಯಾ ಒಂದು ಕಾಲಕ್ಕೆ ರಾಜಧಾನಿ. ರೋಮನ್ನರು ನದಿಯ ಹೆಸರಿನಿಂದಲೇ ತಿಚಿನುಮ್ ಎಂದು ಕರೆದಿದ್ದ ಈ ಊರನ್ನು ಲೊಂಬಾರ್ಡರೆಂಬ ಜರ್ಮನಿಕ್ ಜನ ಮೂರು ವರ್ಷ ಮುತ್ತಿಗೆ ಹಾಕಿ 572ರಲ್ಲಿ ಗೆದ್ದರು, ಎರಡು ಶತಮಾನ ಇಲ್ಲಿಂದ ಆಳಿದರು. 774ರಲ್ಲಿ ಫ್ರಾಂಕರ ರಾಜ ಶಾರ್ಲಮೇನ್ ಕಿತ್ತುಕೊಂಡ. ಆಮೇಲೂ ಇಟಲಿಯ ಕಿರೀಟ ಧರಿಸಬೇಕಾದವರು ಇಲ್ಲಿಗೆ ಬರುತ್ತಿದ್ದರು. ಜರ್ಮನ್ ರಾಜ ಫ್ರೆಡರಿಕ್ ಬಾರ್ಬರೋಸ್ಸಾ 1155ರಲ್ಲಿ ಕಿರೀಟ ತೊಟ್ಟದ್ದು ಇಲ್ಲಿನ ಸಂತ ಮಿಖೇಲನ ಚರ್ಚಿನಲ್ಲಿ.

ಊರಿನಲ್ಲಿ ನಾನು ಬಹಳ ಹೊತ್ತು ನಿಂತದ್ದು ಈ ಸಂತ ಮಿಖೇಲನ ಮುಂದೆ. ಸುತ್ತಲಿನ ಬಯಲುಸೀಮೆಯಲ್ಲಿ ಕಲ್ಲಿಲ್ಲ, ಮಣ್ಣಿದೆ. ಹಾಗಾಗಿ ಊರೆಲ್ಲ ಕೆಂಪು ಇಟ್ಟಿಗೆ. ಈ ಚರ್ಚಿನ ಮುಂಗೋಡೆ ಮಾತ್ರ ಹಳದಿ ಬಣ್ಣದ ಮರಳುಗಲ್ಲು. ಅದರ ಮೇಲೆ ಅಡ್ಡಡ್ಡ ಪಟ್ಟಿಗಳಲ್ಲಿ ರೆಕ್ಕೆಯ ನಾಗಗಳು, ಸಿಂಹಗಳು, ಬೇಟೆಗಾರರು, ಒಂದನ್ನೊಂದು ನುಂಗುವ ಮೃಗಗಳು. ಇವುಗಳಲ್ಲಿ ಅನೇಕವು ಈಗ ಬರೀ ಉಬ್ಬುಗಳು. ಬಾದಾಮಿ, ಐಹೊಳೆಗಳಲ್ಲಿ ಸಾವಿರದ ಮುನ್ನೂರು ವರ್ಷ ಕಳೆದರೂ ಉಗುರಿನ ಗೆರೆ ಕೂಡ ಉಳಿಸಿಕೊಂಡ ಮರಳುಗಲ್ಲನ್ನು ನೋಡಿದ ಕಣ್ಣಿಗೆ ಇದು ಸೋಜಿಗ. ಆದರೆ ಈ ಕಲ್ಲಿನ ಜಾತಿ ಮೆದು. ಚಳಿಗಾಲದ ಮಂಜು ಕಲ್ಲಿನ ರಂಧ್ರಗಳಿಗೆ ಇಳಿಯುತ್ತದೆ, ಹೆಪ್ಪುಗಟ್ಟುತ್ತದೆ, ಹಿಗ್ಗಿ ಪದರ ಎಬ್ಬಿಸುತ್ತದೆ. ವಾಹನ, ಕಾರ್ಖಾನೆಗಳ ಹೊಗೆ ಉಳಿದ ಕೆಲಸ ಮಾಡುತ್ತದೆ. 1960ರ ದಶಕದಲ್ಲಿ ರಾಸಾಯನಿಕ ಉಣಿಸಿ ಕಲ್ಲನ್ನು ಗಟ್ಟಿಮಾಡುವ ಪ್ರಯತ್ನವೂ ನಡೆಯಿತು.

ಇಲ್ಲಿ ಸೇತುವೆಯ ಉಪಾಯವೂ ನಡೆಯುವುದಿಲ್ಲ, ಗೋಪುರದ ಉಪಾಯವೂ ನಡೆಯುವುದಿಲ್ಲ. ಸವೆದ ಸಿಂಹದ ಮುಖವನ್ನು ಮತ್ತೆ ಕೆತ್ತಿದರೆ ಅದು ಇಪ್ಪತ್ತೊಂದನೇ ಶತಮಾನದ ಸಿಂಹ. ಬಿಟ್ಟರೆ ನಮ್ಮ ಮೊಮ್ಮಕ್ಕಳು ನೋಡುವ ಹೊತ್ತಿಗೆ ಅದು ಗೋಡೆಯ ಮೇಲಿನ ಗಂಟು. ಬಾಗಿಲಿನ ಮೇಲಿನ ದೇವದೂತನ ಮುಖದಲ್ಲಿ ಕಣ್ಣಿದ್ದ ಜಾಗ ಯಾವುದೆಂದು ಹುಡುಕುತ್ತ ನಿಂತಿದ್ದಾಗ, ಇದನ್ನು ಹೀಗೆಯೇ ಸವೆಯಲು ಬಿಟ್ಟವರ ಧೈರ್ಯವನ್ನು ಮೆಚ್ಚಬೇಕೋ ಮರುಗಬೇಕೋ ತಿಳಿಯಲಿಲ್ಲ. ತಂಗಿಯ ಮಗಳಿಗೆ ಇಂಥ ತಳಮಳವಿಲ್ಲ. ಮೂರು ಆಯಾಮದ ಸ್ಕ್ಯಾನ್ ಮಾಡಿಟ್ಟುಕೊಂಡರೆ ಆಯಿತು ಎನ್ನುತ್ತಾಳೆ.

ಕಲ್ಲಿನ ವಿಷಯದಲ್ಲಿ ಹೀಗಾದರೆ, ಮೂಳೆಯ ವಿಷಯದಲ್ಲಿ ಈ ಊರು ಭಾರಿ ಜತನ. ಚಿನ್ನದ ಆಕಾಶದ ಸಂತ ಪೀಟರ್ ಎಂಬ ಚೆಂದದ ಹೆಸರಿನ ಚರ್ಚಿನಲ್ಲಿ ಕ್ರೈಸ್ತ ತತ್ವಚಿಂತಕ ಸಂತ ಅಗಸ್ಟೀನನ ಮೂಳೆಗಳಿವೆ. ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದಲ್ಲಿ 430ರಲ್ಲಿ ತೀರಿಕೊಂಡ ಆತನ ದೇಹವನ್ನು ಮೊದಲು ಸಾರ್ಡೀನಿಯಾ ದ್ವೀಪಕ್ಕೆ ಒಯ್ದರು. ಎಂಟನೇ ಶತಮಾನದ ಮೊದಲ ಭಾಗದಲ್ಲಿ ಲೊಂಬಾರ್ಡ್ ರಾಜ ಲಿಯುತ್‌ಪ್ರಾಂದ್ ಅಲ್ಲಿಂದ ತರಿಸಿ ಇಲ್ಲಿಟ್ಟ. ಆತನೂ ಈಗ ಅದೇ ಚರ್ಚಿನಲ್ಲೇ ಮಲಗಿದ್ದಾನೆ. ಕೆಳಗಿನ ನೆಲಮಾಳಿಗೆಯಲ್ಲಿ ಬೊಯೀಥಿಯಸ್. ರಾಜದ್ರೋಹದ ಆರೋಪ ಹೊತ್ತು ಸೆರೆಯಲ್ಲಿದ್ದಾಗ, ತತ್ವಶಾಸ್ತ್ರವೇ ಹೆಣ್ಣಿನ ರೂಪದಲ್ಲಿ ಬಂದು ತನ್ನನ್ನು ಸಂತೈಸಿದಂತೆ ಪುಸ್ತಕ ಬರೆದು, 524ರ ಸುಮಾರಿಗೆ ಇಲ್ಲಿ ಕೊಲೆಯಾದವನು. ಮೇಲೆ ಹದಿನಾಲ್ಕನೇ ಶತಮಾನದ ಅಮೃತಶಿಲೆಯ ಭವ್ಯ ಮಂಟಪ, ಅದರ ಬುಡದಲ್ಲಿ ಅಗಸ್ಟೀನನ ಪೆಟ್ಟಿಗೆ. ನೆಪೋಲಿಯನ್ನನ ಕಾಲದಲ್ಲಿ ಈ ಚರ್ಚನ್ನು ಸೈನ್ಯದ ಬಳಕೆಗೆ ಕೊಟ್ಟಿದ್ದರು, ಮಂಟಪವನ್ನು ಪ್ರಧಾನ ಚರ್ಚಿಗೆ ಸಾಗಿಸಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಜೀರ್ಣೋದ್ಧಾರವಾದ ಮೇಲೆ ಮಂಟಪ ಮರಳಿ ಬಂತು. ಪೋಪ್ ಹದಿನಾರನೇ ಬೆನೆಡಿಕ್ಟ್ 2007ರಲ್ಲಿ ಬಂದು ಈ ಸಮಾಧಿಗೆ ನಮಿಸಿದರು. ನಾವು ಹೋದಾಗ ಒಬ್ಬ ಮುದುಕಿ ಕಂಬಿಗೆ ಹಣೆ ಹಚ್ಚಿ ಏನೋ ಕೇಳಿಕೊಳ್ಳುತ್ತಿದ್ದಳು. ಅಗಸ್ಟೀನನ ತತ್ವಚಿಂತನೆಯ ವಿಚಾರವಾಗಿರಲಿಕ್ಕಿಲ್ಲ. ಮಗನ ಕೆಲಸವೋ ಮೊಮ್ಮಗಳ ಜ್ವರವೋ ಇದ್ದೀತು.

ಇನ್ನು ವಿಶ್ವವಿದ್ಯಾಲಯ. 1361ರಲ್ಲಿ ಗಲಿಯಾತ್ಸೊ ವಿಸ್ಕೋಂತಿ ಸ್ಥಾಪಿಸಿದ್ದು. ಒಂದರೊಳಗೊಂದು ತೆರೆದುಕೊಳ್ಳುವ ಅಂಗಳಗಳು, ಸುತ್ತ ಕಂಬಸಾಲಿನ ಮೊಗಸಾಲೆಗಳು, ಗೋಡೆ ತುಂಬ ಪ್ರಾಧ್ಯಾಪಕರ ಸ್ಮಾರಕ ಫಲಕಗಳು. ಪದವಿ ಪಡೆದವರು ತಲೆಗೆ ಲಾರೆಲ್ ಎಲೆಯ ಮಾಲೆ ಸುತ್ತಿಕೊಂಡು, ಅಜ್ಜ ಅಜ್ಜಿಯರ ಸಮೇತ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮರಿಯಾ ಪೆಲ್ಲೆಗ್ರಿನಾ ಅಮೊರೆತ್ತಿ ಎಂಬ ತರುಣಿ ಇಲ್ಲಿ 1777ರಲ್ಲೇ ಕಾನೂನು ಪದವಿ ಪಡೆದಿದ್ದಳು. ಮರುವರ್ಷ ಭೌತಶಾಸ್ತ್ರ ಕಲಿಸಲು ಬಂದವನು, ಮುಂದೆ ವಿದ್ಯುತ್ ಕೋಶ ಕಂಡುಹಿಡಿದ ಅಲೆಸ್ಸಾಂದ್ರೊ ವೋಲ್ಟಾ.

ವಿಶ್ವವಿದ್ಯಾಲಯದ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಭರಣಿಯೊಳಗೆ ಒಂದು ತಲೆಯಿದೆ. 1832ರಲ್ಲಿ ತೀರಿಕೊಂಡ ಅಂಗರಚನಾಶಾಸ್ತ್ರಜ್ಞ ಅಂತೋನಿಯೊ ಸ್ಕಾರ್ಪಾನದು. ಶರೀರದ ಭಾಗಗಳಿಗೆ ಅವನ ಹೆಸರಿದೆ, ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಮಹಾ ಪ್ರತಿಭಾವಂತ, ಅಷ್ಟೇ ಮಹಾ ಸಿಡುಕ, ಶತ್ರುಗಳೂ ಹೇರಳ. ಸತ್ತ ಮೇಲೆ ಅವನದೇ ವಿಭಾಗದವರು ಅವನ ತಲೆಯನ್ನು ಕತ್ತರಿಸಿ ಕಾಪಿಟ್ಟರು. ಗೌರವದಿಂದಲೋ ಸೇಡಿನಿಂದಲೋ ಎಂಬ ವಿಷಯದಲ್ಲಿ ಊರಿನವರು ಇನ್ನೂ ನಗುತ್ತ ವಾದಿಸುತ್ತಾರೆ. ಊರಿನ ಗೋಪುರ ಉಳಿಯಲಿಲ್ಲ, ಕಂಚಿನ ಸವಾರ ಉಳಿಯಲಿಲ್ಲ, ಈ ತಲೆ ಮಾತ್ರ ಹುಬ್ಬು ಗಂಟಿಕ್ಕಿಕೊಂಡೇ ಉಳಿದಿದೆ.

ಅಲ್ಲೇ ಕಮಿಲ್ಲೊ ಗೊಲ್ಜಿಯ ನೆನಪುಗಳೂ ಇವೆ. ಪಾವಿಯಾದಲ್ಲಿ ಓದಿದ ಗೊಲ್ಜಿ, 1873ರಲ್ಲಿ ಹತ್ತಿರದ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನ ಆಸ್ಪತ್ರೆಯ ಅಡುಗೆಮನೆಯಂಥ ಜಾಗದಲ್ಲಿ, ಬೆಳ್ಳಿಯ ಲವಣ ಬಳಸಿ ಮಿದುಳಿನ ಕೋಶಗಳನ್ನು ಕಪ್ಪಾಗಿ ಕಾಣಿಸುವ ವಿಧಾನ ಕಂಡುಕೊಂಡ. ಸಾವಿರಾರು ಕೋಶಗಳ ಗೋಜಲಿನಲ್ಲಿ ಕೆಲವೇ ಕೋಶಗಳು ಬಣ್ಣ ಹಿಡಿಯುವುದೇ ಅದರ ಸೊಗಸು. ಎಲ್ಲವೂ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ. ಅದೇ ವಿಧಾನವನ್ನು ಹಿಡಿದು ಸ್ಪೇನಿನ ರಾಮೋನ್ ಇ ಕಹಾಲ್, ನರಕೋಶಗಳು ಬಿಡಿಬಿಡಿ ಎಂದು ತೋರಿಸಿದ. ಗೊಲ್ಜಿ ಮಾತ್ರ ಅದು ಒಂದೇ ಹೆಣೆದ ಬಲೆ ಎಂದು ಪಟ್ಟು ಹಿಡಿದ. 1906ರ ನೊಬೆಲ್ ಬಹುಮಾನವನ್ನು ಇಬ್ಬರೂ ಹಂಚಿಕೊಂಡರು, ಭಾಷಣದಲ್ಲಿ ಪರಸ್ಪರ ಖಂಡಿಸಿದರು.

ಸಂಜೆ ಸೇತುವೆ ದಾಟಿ ಆಚೆ ದಡದ ಬೊರ್ಗೊ ತಿಚಿನೊ ಬಡಾವಣೆಗೆ ಹೋದೆವು. ಮೀನುಗಾರರು, ಮರಳು ತೆಗೆಯುವವರು, ಬಟ್ಟೆ ಒಗೆಯುವವರು ಇದ್ದ ಕೇರಿ. ಬಣ್ಣ ಬಳಿದ ಸಾಲುಮನೆಗಳು, ದಂಡೆಯಲ್ಲಿ ಅಗಸಗಿತ್ತಿಯ ಒಂದು ಪ್ರತಿಮೆ. ರಾಜರೂ ಪ್ರಾಧ್ಯಾಪಕರೂ ಇದ್ದದ್ದು ಎತ್ತರದ ದಡದಲ್ಲಿ. ನದಿ ಉಕ್ಕಿದಾಗಲೆಲ್ಲ ಮುಳುಗಿದ್ದು ಈ ದಡ. 2000ನೇ ಇಸವಿಯ ಅಕ್ಟೋಬರಿನ ನೆರೆ ಇಲ್ಲಿನವರ ಬಾಯಲ್ಲಿ ಇನ್ನೂ ಇದೆ. ಇವರ ದೋಣಿ ಬರ್ಚೆ. ಮರದ್ದು, ಚಪ್ಪಟೆ ತಳದ್ದು, ಮರಳುದಿಣ್ಣೆಗಳಿರುವ ಆಳವಿಲ್ಲದ ನೀರಿನಲ್ಲೂ ಸಾಗುವಂಥದ್ದು. ಎದುರು ದಡದಲ್ಲಿ, ನೀರಿನೊಳಗೆ ಕಾಲೂರಿ ನಿಂತ ಹಳೆಯ ಕಟ್ಟಡವೊಂದು ಕಾಣುತ್ತದೆ. ಅದು ವಿಮಾನ ನಿಲ್ದಾಣ! 1926ರಲ್ಲಿ ಇಟಲಿಯ ಮೊದಲ ನಾಗರಿಕ ವಿಮಾನ ಮಾರ್ಗ ತೂರಿನ್‌ನಿಂದ ತ್ರಿಯೆಸ್ತೆಗೆ ಶುರುವಾದಾಗ, ನೀರಿನ ಮೇಲೆ ಇಳಿಯುವ ವಿಮಾನಗಳು ಇಲ್ಲಿ ತಂಗುತ್ತಿದ್ದವು.

ನದಿಯಿಂದ ಪಶ್ಚಿಮಕ್ಕೆ ಲೊಮೆಲ್ಲೀನಾ. ಕಣ್ಣು ಹಾಯುವವರೆಗೂ ಭತ್ತದ ಗದ್ದೆ. ಯುರೋಪ್ ಒಕ್ಕೂಟದ ಭತ್ತದಲ್ಲಿ ಸುಮಾರು ಅರ್ಧ ಇಟಲಿಯದು, ಇಟಲಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವುದು ಪಾವಿಯಾ ಪ್ರಾಂತ್ಯ. ಗಂಗಾವತಿಯ ಅಕ್ಕಿ ತಿಂದು ಬೆಳೆದ ನನಗೆ ಇದು ತಿಳಿದಾಗ ಊರು ತಟ್ಟನೆ ಹತ್ತಿರವಾಯಿತು. ಒಂದು ಕಾಲಕ್ಕೆ ಕಳೆ ಕೀಳಲು ಬೇಸಿಗೆಯ ಆರಂಭದಲ್ಲಿ ಬೇರೆ ಸೀಮೆಗಳಿಂದ ಸಾವಿರಾರು ಹೆಂಗಸರು ರೈಲು ಹತ್ತಿ ಬರುತ್ತಿದ್ದರು. ಮೊಣಕಾಲು ನೀರಿನಲ್ಲಿ ಬೆನ್ನು ಬಗ್ಗಿಸಿ, ಹಾಡುತ್ತ ಕೆಲಸ. ಮೊಂದೀನೆ ಎಂದು ಅವರನ್ನು ಕರೆಯುತ್ತಿದ್ದರು. ದಿನಕ್ಕೆ ಎಂಟು ಗಂಟೆಯಷ್ಟೇ ದುಡಿಮೆ ಎಂಬ ಹಕ್ಕನ್ನು ಪಕ್ಕದ ವೆರ್ಚೆಲ್ಲಿಯಲ್ಲಿ 1906ರಲ್ಲೇ ಹೋರಾಡಿ ಗಳಿಸಿದವರು ಇವರು. ಕಳೆನಾಶಕಗಳೂ ಯಂತ್ರಗಳೂ ಬಂದ ಮೇಲೆ, 1960ರ ದಶಕದ ಹೊತ್ತಿಗೆ, ಆ ಕೆಲಸವೂ ಹೋಯಿತು, ಅದರ ಬೆನ್ನುನೋವೂ ಹೋಯಿತು. ಹಾಡು ಉಳಿಯಿತು.

ರಾತ್ರಿ ತಂಗಿಯ ಮಗಳು ರಿಸೊಟ್ಟೊ ಮಾಡಿದಳು. ಮಾಂಸದ ಸಾರಿನ ಬದಲು ತರಕಾರಿ ಬೇಯಿಸಿದ ನೀರು, ಮೇಲೆ ಕುಂಬಳಕಾಯಿ. ಅಕ್ಕಿ ತೊಳೆಯಲು ಎದ್ದ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡಳು. ತೊಳೆದರೆ ಮೇಲಿನ ಪಿಷ್ಟ ಹೋಗುತ್ತದೆ, ಪಿಷ್ಟವೇ ಇದರ ಜೀವಾಳ ಎಂದಳು. ಬಿಸಿ ಸಾರನ್ನು ಸೌಟು ಸೌಟಾಗಿ ಹಾಕುತ್ತ, ಕೈಬಿಡದೆ ತಿರುವುತ್ತ ಮಾಡಿದ್ದು, ತಟ್ಟೆಯಲ್ಲಿ ಹರಿದುಕೊಳ್ಳುವ ಹದ. ಚೆನ್ನಾಗಿತ್ತು. ಒಂದು ಚಮಚ ಉಪ್ಪಿನಕಾಯಿ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂಬ ಮಾತನ್ನು ನುಂಗಿಕೊಂಡೆ. ಉತ್ತರಕ್ಕಿರುವ 1396ರ ಚೆರ್ತೋಜಾ ಮಠವನ್ನು ಮರುದಿನ ನೋಡಿದೆವು. ಅಷ್ಟೊಂದು ಅಮೃತಶಿಲೆ, ಅಷ್ಟೊಂದು ಕೆತ್ತನೆ ಒಂದೇ ಗೋಡೆಯ ಮೇಲೆ ಕಂಡು ನನಗೆ ಆಯಾಸವೇ ಆಯಿತು. ಪ್ರತಿ ಸನ್ಯಾಸಿಗೂ ಒಂದೊಂದು ಪುಟ್ಟ ಮನೆ, ಹಿಂದೆ ಒಂದೊಂದು ಕೈತೋಟ ಎಂಬ ಏರ್ಪಾಡು ಮಾತ್ರ ಮನಸ್ಸಿಗೆ ಬಂತು.

ಹೊರಡುವ ಮೊದಲು ಅವಳು ಹಟ ಹಿಡಿದು ಬೆಕ್ಕಾಕ್ಕೆ ಕರೆದೊಯ್ದಳು. ಊರಿನಿಂದ ಕೆಲವೇ ಕಿಲೋಮೀಟರ್ ಕೆಳಗೆ ತಿಚಿನೊ ಪೋ ನದಿಯನ್ನು ಸೇರುವ ಜಾಗ ಅದು. ಸ್ವಿಸ್ ಪರ್ವತಗಳಲ್ಲಿ ಹುಟ್ಟಿ ಮಜ್ಜೋರೆ ಸರೋವರವನ್ನು ಹಾದು ಬರುವ ತಿಚಿನೊ ತಿಳಿಯಾಗಿರುತ್ತದೆ, ಪೋ ಮಣ್ಣಿನ ಬಣ್ಣದ್ದು. ಅಲ್ಲಿ 1912ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆಯಿದೆ, ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಅದೂ ಯುದ್ಧದಲ್ಲಿ ಬಾಂಬಿನ ಏಟು ತಿಂದು ದುರಸ್ತಿಯಾದದ್ದು. ಈಗ ಭಾರಿ ಲಾರಿಗಳನ್ನು ಅದರ ಮೇಲೆ ಬಿಡುವುದಿಲ್ಲ. ಸುತ್ತಲಿನ ಊರುಗಳವರು ಪಕ್ಕದಲ್ಲಿ ಹೊಸ ಸೇತುವೆ ಬೇಕೆಂದು ವರ್ಷಗಳಿಂದ ಕೇಳುತ್ತಿದ್ದಾರೆ. ಹಳೆಯದನ್ನು ಏನು ಮಾಡುವುದು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ.

ತಂಗಿಯ ಮಗಳು ತೂಕದ ಮಿತಿ ಬರೆದ ಫಲಕವನ್ನು ಓದಿದಳು. ಕಂಬಿಗೆ ಕೈಯಿಟ್ಟು ಒಂದು ಕಾರು ದಾಟುವ ತನಕ ಅದರ ನಡುಕವನ್ನು ಗಮನಿಸಿದಳು.

"ಏನನ್ನಿಸುತ್ತದೆ?" ಎಂದೆ.

"ಲೆಕ್ಕ ಹಾಕದೆ ಹೇಳುವುದಿಲ್ಲ ದೊಡ್ಡಮ್ಮ. ಆದರೆ 1947ರಲ್ಲಿ ಮಾಡಿದ ಹಾಗೆ ಚರ್ಚೆ ಮಾಡುತ್ತ ಕೂರಬಾರದು, ಅಷ್ಟೇ."